ವಿಷಯ: ಡಬಲ್ ಮಾರ್ಕರ್ ವರದಿಯಲ್ಲಿ ಗರ್ಭದ ವಾರ ತಪ್ಪಾಗಿ ಹಿಡಿದದ್ದು ಮತ್ತು ವರದಿ ತಲುಪಿಸಿದ ರೀತಿಯ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು, ಗ್ರಾಹಕ ದೂರು ವಿಭಾಗ,
ಲ್ಯಾಬ್‌ನ ಕೇಂದ್ರ ಕಚೇರಿ, ಬೆಂಗಳೂರು

ಮಾನ್ಯರೇ,

ಕಳೆದ ತಿಂಗಳು ನಿಮ್ಮ ಶಿವಮೊಗ್ಗದ ಕಲೆಕ್ಷನ್ ಸೆಂಟರ್‌ನಲ್ಲಿ ಡಬಲ್ ಮಾರ್ಕರ್ ಪರೀಕ್ಷೆಗೆ, ಅಂದರೆ ಹೊಟ್ಟೆಯಲ್ಲಿರುವ ಮಗುವಿಗೆ ಡೌನ್ ಸಿಂಡ್ರೋಮ್‌ನಂಥ ವರ್ಣತಂತು ದೋಷವಿರುವ ಸಾಧ್ಯತೆ ಎಷ್ಟೆಂದು ಅಂದಾಜಿಸುವ ಪರೀಕ್ಷೆಗೆ, ರಕ್ತ ಕೊಟ್ಟಿದ್ದೆ. ಮದುವೆಯಾಗಿ ಆರು ವರ್ಷದ ಮೇಲೆ ನಿಂತ ಮೊದಲ ಬಸಿರು ಇದು. ಶುಕ್ರವಾರ ರಾತ್ರಿ 9.50ಕ್ಕೆ ವರದಿ ವಾಟ್ಸಾಪ್‌ಗೆ ಬಂತು. ‘ಡೌನ್ ಸಿಂಡ್ರೋಮ್: ಹೈ ರಿಸ್ಕ್, 1:140’ ಎಂದು ಕೆಂಪಕ್ಷರದಲ್ಲಿತ್ತು. ಹಾಗೆಂದರೇನು ಎಂದು ತಿಳಿಸುವ ಒಂದು ಸಾಲೂ ಅದರಲ್ಲಿರಲಿಲ್ಲ. ಸಹಾಯವಾಣಿಗೆ ಫೋನ್ ಮಾಡಿದರೆ, “ಡಾಕ್ಟರನ್ನ ಕೇಳಿ ಮೇಡಂ. ನಮ್ಮಲ್ಲಿ ಎನ್‌ಐಪಿಟಿನೂ ಇದೆ, ಬುಕ್ ಮಾಡಲಾ?” ಎಂದರು. ಎನ್‌ಐಪಿಟಿ ಎಂದರೆ ತಾಯಿಯ ರಕ್ತದಲ್ಲಿ ಸಿಗುವ ಮಗುವಿನ ಡಿಎನ್‌ಎ ನೋಡುವ ಇನ್ನೊಂದು ಪರೀಕ್ಷೆ.

ನಮ್ಮ ಡಾಕ್ಟರ್ ಸೋಮವಾರದವರೆಗೆ ಊರಲ್ಲಿರಲಿಲ್ಲ. ಆ ಎರಡು ದಿನ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಅತ್ತೆ ದೇವರ ಮುಂದಿನಿಂದ ಏಳಲೇ ಇಲ್ಲ. ಹತ್ತಿರದ ಬಂಧುವೊಬ್ಬರು ವರದಿ ನೋಡಿ, “ಇನ್ನೂ ಮೂರು ತಿಂಗಳೇ ಅಲ್ವಾ, ತೆಗೆಸಿಬಿಡಿ” ಎಂದರು. ಅವರನ್ನು ನಾನು ದೂರುವುದಿಲ್ಲ. ಆ ಕೆಂಪಕ್ಷರ ಅವರಿಗೂ ಹಾಗೆಯೇ ಓದಿಸಿತು.

ಬುಧವಾರ ಫೀಟಲ್ ಮೆಡಿಸಿನ್ (ಗರ್ಭದಲ್ಲಿರುವ ಮಗುವಿನ ಆರೋಗ್ಯ ನೋಡುವ ವಿಭಾಗ) ತಜ್ಞರನ್ನು ಕಾಣಲು ಮಂಗಳೂರಿಗೆ ಹೋದೆವು. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಎಷ್ಟು ಸಲ ಕಾರು ನಿಲ್ಲಿಸಿದೆವೋ ಲೆಕ್ಕವಿಲ್ಲ. ಆ ಡಾಕ್ಟರ್ ವರದಿ ಕೈಗೆ ತೆಗೆದುಕೊಂಡವರೇ ಕೇಳಿದ್ದು, “ಇದರಲ್ಲಿ ಯಾವ ತಾರೀಖು ಹಿಡಿದಿದ್ದಾರೆ?” ಎಂದು.

ನನಗೆ ಪಿಸಿಓಡಿ (ಮುಟ್ಟು ಏರುಪೇರಾಗಿಸುವ ಅಂಡಾಶಯದ ತೊಂದರೆ) ಇದೆ, ಮುಟ್ಟು 40 ದಿನಕ್ಕೊಮ್ಮೆ. ಕೊನೆಯ ಮುಟ್ಟಿನ ಪ್ರಕಾರ ರಕ್ತ ಕೊಟ್ಟ ದಿನಕ್ಕೆ 13 ವಾರ 2 ದಿನ. ನಿಮ್ಮ ವರದಿಯಲ್ಲಿ ಹಿಡಿದದ್ದು ಇದನ್ನೇ. ಆದರೆ ಸ್ಕ್ಯಾನ್‌ನಲ್ಲಿ ಸಿಆರ್‌ಎಲ್, ಅಂದರೆ ನೆತ್ತಿಯಿಂದ ಪೃಷ್ಠದವರೆಗೆ ಮಗುವಿನ ಉದ್ದ, 55 ಮಿ.ಮೀ. ಇತ್ತು, ಅಂದರೆ 12 ವಾರ 1 ದಿನ. ಆ ಸ್ಕ್ಯಾನ್ ವರದಿಯ ಪ್ರತಿಯನ್ನು ನಿಮ್ಮ ಸಿಬ್ಬಂದಿಯೇ ನನ್ನಿಂದ ಪಡೆದು ಫಾರ್ಮಿಗೆ ಪಿನ್ ಮಾಡಿದ್ದರು. ಅದನ್ನು ಯಾರೂ ತೆರೆದು ನೋಡಲಿಲ್ಲ. ಈ ಪರೀಕ್ಷೆ ತಾಯಿಯ ರಕ್ತದಲ್ಲಿ ಅಳೆಯುವುದು ಎರಡು ಅಂಶಗಳನ್ನು: ಪ್ಯಾಪ್-ಎ ವಾರ ಕಳೆದಂತೆ ಏರುತ್ತದೆ, ಫ್ರೀ ಬೀಟಾ ಎಚ್‌ಸಿಜಿ ಆ ಹೊತ್ತಿಗೆ ಇಳಿಯುತ್ತಿರುತ್ತದೆ. ವಾರ ಹೆಚ್ಚು ಹಿಡಿದರೆ ಮೊದಲನೆಯದು ಕಡಿಮೆಯೆಂದೂ ಎರಡನೆಯದು ಹೆಚ್ಚೆಂದೂ ಕಾಣಿಸುತ್ತದೆ. ಡೌನ್ ಸಿಂಡ್ರೋಮ್‌ನಲ್ಲಿ ಸಾಮಾನ್ಯವಾಗಿ ಕಾಣುವುದೂ ಇದೇ. ಅದೇ ರಕ್ತದ ಅಂಕಿಗಳಿಗೆ ಸರಿಯಾದ ವಾರ ಹಾಕಿ ಅವರು ಲೆಕ್ಕ ಮಾಡಿದಾಗ 1:900 ಬಂತು.

ಇದು ಸ್ಕ್ರೀನಿಂಗ್, ಅಂದರೆ ಸಾಧ್ಯತೆಯ ಅಂದಾಜು ಮಾತ್ರ, ರೋಗನಿರ್ಣಯ ಬೇರೆ ಎಂಬುದನ್ನೂ ಅವರೇ ಬಿಡಿಸಿ ಹೇಳಿದ್ದು. 1:140 ಎಂದರೂ ಅಂಥ 140 ಗರ್ಭಿಣಿಯರಲ್ಲಿ 139 ಮಂದಿಯ ಮಗುವಿಗೆ ಆ ತೊಂದರೆ ಇರುವುದಿಲ್ಲ. ಖಚಿತವಾಗಿ ತಿಳಿಯಬೇಕಾದರೆ 15 ವಾರದ ನಂತರ ಆಮ್ನಿಯೋಸೆಂಟೆಸಿಸ್ (ಸೂಜಿಯಿಂದ ಗರ್ಭದ ನೀರು ತೆಗೆದು ಮಾಡುವ ಪರೀಕ್ಷೆ) ಇದೆ, ಅದರಲ್ಲಿ ಗರ್ಭಪಾತದ ಅಪಾಯ ಸಣ್ಣದಾದರೂ ಉಂಟು. ನೀವು ಮಾರಲು ಹೊರಟ ಎನ್‌ಐಪಿಟಿಯೂ ಸ್ಕ್ರೀನಿಂಗೇ. ಇಷ್ಟು ಹೇಳಲು ಅವರಿಗೆ ಬೇಕಾದದ್ದು ಇಪ್ಪತ್ತು ನಿಮಿಷ.

ಅಪಾಯ ನಿಜಕ್ಕೂ ಹೆಚ್ಚಿದ್ದಿದ್ದರೂ ನಾನು ಈ ಪತ್ರ ಬರೆಯುತ್ತಿದ್ದೆ. ಆಗಂತೂ ಆ ಇಪ್ಪತ್ತು ನಿಮಿಷ ಇನ್ನೂ ಹೆಚ್ಚು ಬೇಕಾಗುತ್ತಿತ್ತು. ನಮಗೆ ಕಾರಿತ್ತು, ಮಂಗಳೂರಿಗೆ ಹೋಗಿ ಬರುವ ಶಕ್ತಿಯಿತ್ತು. ಆ ದಿನ ನಿಮ್ಮ ಸೆಂಟರ್‌ನಲ್ಲಿ ನನ್ನ ಪಕ್ಕ ಕೂತಿದ್ದ ಹೆಣ್ಣುಮಗಳು ಸೊರಬದ ಕಡೆಯಿಂದ ಬಸ್ಸಲ್ಲಿ ಬಂದಿದ್ದಳು. ಅವಳಿಗೆ ಇಂಥದೇ ವರದಿ ಹೋಗಿದ್ದರೆ ಯಾರನ್ನು ಕೇಳುತ್ತಿದ್ದಳು ಎಂಬುದು ನನ್ನನ್ನು ಈಗಲೂ ಕಾಡುತ್ತಿದೆ.

ಆದ್ದರಿಂದ ತಿದ್ದಿದ ವರದಿ, ತಪ್ಪು ಹೇಗಾಯಿತೆಂಬ ಲಿಖಿತ ಉತ್ತರ ಮತ್ತು ಪರೀಕ್ಷೆಯ ಪೂರ್ತಿ ಹಣವನ್ನು 15 ದಿನದೊಳಗೆ ಕೊಡಬೇಕು. ಈ ವರ್ಷ ಮುಟ್ಟಿನ ತಾರೀಖಿನ ಮೇಲೆ ಲೆಕ್ಕ ಹಾಕಿದ ಎಲ್ಲ ‘ಹೈ ರಿಸ್ಕ್’ ವರದಿಗಳನ್ನು ಸ್ಕ್ಯಾನ್ ಜೊತೆ ಮತ್ತೆ ತಾಳೆ ನೋಡಿ, ತಪ್ಪಿದ್ದರೆ ಆ ತಾಯಂದಿರಿಗೆ ತಿಳಿಸಬೇಕು. ಮುಂದೆ ಇಂಥ ವರದಿಯನ್ನು ಮೊದಲು ವೈದ್ಯರಿಗೆ ತಿಳಿಸಿ, ಕನ್ನಡದಲ್ಲಿ ವಿವರಿಸಬಲ್ಲ ಕೌನ್ಸಿಲರ್ ಒಬ್ಬರು ಹಗಲು ಹೊತ್ತಿನಲ್ಲಿ ಫೋನ್ ಮಾಡಿದ ಮೇಲೆಯೇ ಕಳಿಸಬೇಕು. ಉತ್ತರ ಬಾರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ನಿಮ್ಮ ವರದಿ, ಸ್ಕ್ಯಾನ್ ಪ್ರತಿ, ತಜ್ಞರ ಟಿಪ್ಪಣಿ ಮತ್ತು ಬಿಲ್ಲನ್ನು ಲಗತ್ತಿಸಿದ್ದೇನೆ.

ಇತಿ,
ಬಿಲ್ಲಿನಲ್ಲಿ ಹೆಸರಿರುವ ಗ್ರಾಹಕಿ
ಶಿವಮೊಗ್ಗ