ಲ್ಯಾಬಲ್ಲಿ ರಕ್ತ ತಗೊಂಡ ಆ ಅಣ್ಣಂಗೆ ಥ್ಯಾಂಕ್ಸ್

ಅಮ್ಮಂಗೆ ಹೆಪಟೈಟಿಸ್ ಸಿ (ಲಿವರಿಗೆ ತಗಲೋ ವೈರಸ್ ಸೋಂಕು) ಇರೋದು ಮೊದ್ಲೇ ಗೊತ್ತಿತ್ತು, ಆದ್ರೆ ಈ ಚಳೀಲಿ ಕಾಲ್ತುಂಬ ಕೆನ್ನೇರಳೆ ಚುಕ್ಕೆ ಎದ್ದು, ಕೀಲುನೋವು, ಪಾದ ಜೋಮು, ಡಾಕ್ಟ್ರು ನೋಡಿ ಕ್ರಯೋಗ್ಲಾಬ್ಯುಲಿನ್ ಟೆಸ್ಟ್ ಬರೆದ್ರು. ಈ ವೈರಸ್ ವರ್ಷಗಟ್ಲೆ ಮೈಯಲ್ಲಿದ್ರೆ ಕೆಲವ್ರ ರಕ್ತದಲ್ಲಿ ಕ್ರಯೋಗ್ಲಾಬ್ಯುಲಿನ್ ಅನ್ನೋ ಅಸಹಜ ಪ್ರೋಟೀನ್ ಹುಟ್ಕೊಳತ್ತೆ, ತಣ್ಣಗಾದ್ರೆ ಗಟ್ಟಿಯಾಗತ್ತೆ, ಸಣ್ಣ ರಕ್ತನಾಳ, ನರ, ಕಿಡ್ನಿಗೂ ತೊಂದ್ರೆ ಕೊಡತ್ತೆ.

ಮೊದ್ಲು ಒಂದು ಲ್ಯಾಬಲ್ಲಿ ಟೆಸ್ಟ್ ನೆಗೆಟಿವ್ ಅಂತ ಬಂತು, ಚುಕ್ಕೆ ಮಾತ್ರ ಹೆಚ್ತಾನೇ ಇತ್ತು, ನಂಗೆ ರಾತ್ರಿ ನಿದ್ದೇನೇ ಇಲ್ಲ. ಇನ್ನೊಂದು ಲ್ಯಾಬಿಗೆ ಹೋದಾಗ ಅಲ್ಲಿದ್ದ ಟೆಕ್ನೀಷಿಯನ್ ಅಣ್ಣ ಮೊದ್ಲು ಕೇಳಿದ್ದೇ "ಆವತ್ತು ಟ್ಯೂಬ್ ಐಸ್ ಡಬ್ಬೀಲಿ ಇಟ್ರಾ?" ಅಂತ. ಹೌದು ಅಂದೆ. ರಕ್ತ ಹೆಪ್ಪುಗಟ್ಟಿ, ಸೀರಮ್ (ಉಳಿಯೋ ತಿಳಿ ದ್ರವ) ಬೇರೆ ಮಾಡೋವರ್ಗೂ 37 ಡಿಗ್ರೀಲೇ ಇರ್ಬೇಕು, ಇಲ್ದಿದ್ರೆ ಪ್ರೋಟೀನ್ ಹೆಪ್ಪಿನ ಜೊತೆ ಹೊರಟೋಗಿ ಸುಳ್ಳು ನೆಗೆಟಿವ್ ಬರತ್ತೆ ಅಂದ್ರು. ಫ್ಲಾಸ್ಕಿಗೆ ಬಿಸಿನೀರು ಹಾಕಿ, ಥರ್ಮಾಮೀಟರ್ ಅದ್ದಿ ನೋಡಿ, ಟ್ಯೂಬ್ ಬೆಚ್ಚಗೆ ಮಾಡ್ಕೊಂಡೇ ಸೂಜಿ ಹಾಕಿದ್ರು. ಅಮ್ಮ ನಡುಗ್ತಿದ್ದಿದ್ದು ನೋಡಿ ಫ್ಯಾನ್ ಆರಿಸಿ, ಕಾಲಿಗೆ ಶಾಲು ಸರಿಯಾಗಿ ಹೊದಿಸಿದ್ರು. ಡ್ಯೂಟಿ ಮುಗಿದಿದ್ರೂ ಆ ಫ್ಲಾಸ್ಕ್ ಯಾರ ಕೈಗೂ ಕೊಡದೆ ತಾವೇ ಮೇಲಿನ ಮಹಡಿಗೆ ತಗೊಂಡೋದ್ರು.

ಸೀರಮನ್ನ 4 ಡಿಗ್ರೀಲಿ ವಾರ ಇಟ್ಟು ನೋಡ್ತಾರಂತೆ, ಕಾಯೋಕೆ ಕಷ್ಟ ಆಯ್ತು. ಆಮೇಲೆ ತಳದಲ್ಲಿ ಕೂತಿದ್ದ ಬಿಳಿ ಗಷ್ಟು ತೋರಿಸಿ "ಸಿಕ್ತು ನೋಡಿ, ಇನ್ನು ಡಾಕ್ಟ್ರು ನೋಡ್ಕೋತಾರೆ" ಅಂದ್ರು. ಪಾಸಿಟಿವ್ ಅಂದಾಗ ಸಮಾಧಾನ ಆಗಿದ್ದು ಅದೇ ಮೊದ್ಲು!

ಹೆಸ್ರು ಕೇಳಿದ್ರೆ ನಕ್ಕು ಮುಂದಿನ ಟೋಕನ್ ಕರೆದ್ರು. ಅಣ್ಣಾ, ಅಮ್ಮಂಗೆ ಹೆಪಟೈಟಿಸ್ ಸಿ ಮಾತ್ರೆ ಸೊಫೋಸ್ಬುವಿರ್-ವೆಲ್ಪಟಾಸ್ವಿರ್ ಶುರುವಾಗಿದೆ, 12 ವಾರದ ಕೋರ್ಸ್, ಚುಕ್ಕೆ ಮಾಸ್ತಿದೆ. ತುಂಬಾ ಥ್ಯಾಂಕ್ಸ್.