ಅಡಿ ಹಾಕಿದ ಮಾವಿನಕಾಯಿ

ಧಾರವಾಡ
ವೈಶಾಖ ಬಹುಳ ದಶಮಿ

ತಂಗೀ,

ನಿನ್ನ ಪ್ರಬಂಧವನ್ನು ಎರಡು ಸಲ ಓದಿದೆ. ತಕರಾರು ಮೊದಲ ಸಾಲಿನಿಂದಲೇ ಶುರು. ‘ವಸಂತ ಮುಗಿಯಿತು, ಕೋಗಿಲೆ ಮೌನವಾದಳು, ಅಜ್ಜನೂ ಹೋದ’ ಅಂತ ಬರೆದಿದ್ದೀ. ಕುಹೂ ಅನ್ನುವುದು ಗಂಡು. ಮೈ ಕಪ್ಪು, ಕಣ್ಣು ಕೆಂಪು. ಹೆಣ್ಣು ಕಂದು ಬಣ್ಣದ್ದು, ಮೈತುಂಬ ಬಿಳಿ ಚುಕ್ಕೆ, ಕಿಕ್ ಕಿಕ್ ಅಂತ ಕಿರುಚುತ್ತದೆ. ಮೌನದ ಮಾತೂ ಸುಳ್ಳು. ವೈಶಾಖ ಅಮಾವಾಸ್ಯೆಗೆ ಪಂಚಾಂಗದ ವಸಂತ ಮುಗಿಯುತ್ತದೆ, ಕೋಗಿಲೆಯದು ಮುಗಿಯುವುದಿಲ್ಲ. ಕಾಗೆ ಗೂಡು ಕಟ್ಟುವ ದಿನಗಳು ಇವು, ಮೊಟ್ಟೆ ಇಡಲು ಕೋಗಿಲೆಗೆ ಆ ಗೂಡೇ ಬೇಕು. ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡಿ, ಮುಂದೆ ಮಿರಗ, ಅಂದರೆ ಮೃಗಶಿರಾ ಮಳೆ, ಬಂದರೂ ಕೂಗುತ್ತಲೇ ಇರುತ್ತದೆ. ಅಜ್ಜನನ್ನು ಕಳಿಸಿ ಬಂದ ಮರುದಿನ ನಸುಕಿನಲ್ಲೂ ಅದು ಕೂಗಿರಲೇಬೇಕು. ಅಷ್ಟನ್ನೇ ಬರೆದಿದ್ದರೆ ಓದುವವರ ಹೊಟ್ಟೆಯೊಳಗೆ ಕಲಸಿದಂತಾಗುತ್ತಿತ್ತು.

ನಾಲ್ಕನೇ ಪುಟದ ಮೂಲೆಯಲ್ಲಿ ಒಂದು ಸಾಲು ಇದೆ: ‘ಅಜ್ಜ ಅಡಿ ಹಾಕಿದ್ದ ಕಾಯಿ ಆಮೇಲೆ ಹಣ್ಣಾದವು.’ ಹಣ್ಣಾಗಲೆಂದು ಹುಲ್ಲಿನಲ್ಲಿ ಹುದುಗಿಸಿಟ್ಟ ಮಾವಿನಕಾಯಿ. ನಿನ್ನ ಪ್ರಬಂಧ ಅಲ್ಲಿದೆ. ಉಳಿದದ್ದರಲ್ಲಿ ಮುಕ್ಕಾಲು ಭಾಗ ತೆಗೆ.

ಆ ಸಾಲನ್ನು ಹಿಗ್ಗಿಸಲು ವಿಶೇಷಣ ಬೇಡ, ವಿವರ ಬೇಕು. ಯಾವ ಕೋಣೆ? ನೆಲಕ್ಕೋ ಬುಟ್ಟಿಗೋ? ಹುಲ್ಲು ಭತ್ತದ್ದೋ? ಎಷ್ಟು ಕಾಯಿ? ಬಲಿತ ಆಪೂಸ್ ಹುಲ್ಲಿನಲ್ಲಿ ಹಣ್ಣಾಗಲು ಎಂಟು-ಹತ್ತು ದಿನ ಹಿಡಿಯುತ್ತದೆ. ನಡುವೆ ಎರಡು ದಿನಕ್ಕೊಮ್ಮೆ ಹುಲ್ಲು ಸರಿಸಿ, ಕೊಳೆತದ್ದನ್ನು ತೆಗೆಯಬೇಕು, ಇಲ್ಲದಿದ್ದರೆ ಪಕ್ಕದ್ದೂ ಕೆಡುತ್ತದೆ. ಆ ಕೆಲಸ ಅಜ್ಜನದಾಗಿತ್ತು ಅಂದಿದ್ದೀ. ಹಾಗಾದರೆ ಅವನು ಹೋದ ಮೇಲೆ ಹುಲ್ಲು ಸರಿಸಿದವರು ಯಾರು? ಯಾರೂ ಸರಿಸದೆ, ವಾಸನೆ ಪಡಸಾಲೆಗೆ ಬಂದಾಗಲೇ ನೆನಪಾಯಿತೋ? ದಿನಗಳನ್ನು ಬೆರಳು ಮಡಚಿ ಎಣಿಸಿ ಬರೆ. ಆಪೂಸ್ ಮೇಲೆ ಚಿನ್ನದಂತಿದ್ದು, ಕೊಯ್ದರೆ ವಾಟೆಯ ಸುತ್ತ ಬೆಳ್ಳಗೆ, ಸ್ಪಂಜಿನ ಹಾಗೆ, ಹುಳಿ ಹುಳಿ ಇರುವುದುಂಟು. ನೆಲದ ಝಳಕ್ಕೆ ಗಿಡದಲ್ಲಿದ್ದಾಗಲೇ ಒಳಗೆ ಕೆಟ್ಟಿರುತ್ತದೆ, ಹೊರಗೆ ಒಂದು ಕಲೆಯೂ ಕಾಣದು. ಅಂಥ ಹಣ್ಣು ಸಿಕ್ಕಿದ್ದರೆ ಬರೆ. ‘ನನ್ನ ಮನಸ್ಸಿನ ಹಾಗೆ’ ಅಂತ ಮಾತ್ರ ಬಾಲ ಹಚ್ಚಬೇಡ.

ಹುಬ್ಬಳ್ಳಿ–ಧಾರವಾಡ ರಸ್ತೆಯ ಮರಗಳ ಪ್ಯಾರಾವನ್ನು ಇಲ್ಲಿಂದ ಎತ್ತಿ ಬೇರೆ ಇಡು. ಅದರ ಕ್ರಿಯಾಪದವೇ ಬೇರೆ. ಅಜ್ಜ ‘ಹೋದ’, ಸರಿ. ಮರಗಳು ‘ಹೋದವು’ ಅಂದರೆ ತಪ್ಪು; ರಸ್ತೆ ಅಗಲ ಮಾಡಲು ಕಡಿದರು. ಕಡಿದವರಿದ್ದ ಕಡೆ ಸಿಟ್ಟು ಬರುತ್ತದೆ, ಆ ಸಿಟ್ಟು ಅಜ್ಜನ ಮೇಲಿನ ದುಃಖವನ್ನು ನುಂಗಿಬಿಡುತ್ತದೆ. ಈಗ ಅದೇ ದಾರಿಯಲ್ಲಿ ಓಡುವ ಬಸ್ಸಿನ ಹೆಸರು ‘ಚಿಗರಿ’, ಅಂದರೆ ಜಿಂಕೆ, ಅನ್ನುವುದನ್ನು ಆ ಇನ್ನೊಂದು ಪ್ರಬಂಧಕ್ಕೆ ಕಾದಿಡು. ಚಲೋ ಸಾಮಾನು ಅದು.

ಕಣ್ಣು ಪಳಗಿಸಲು ಒಂದು ಕೆಲಸ ಹೇಳುತ್ತೇನೆ. ನಾಳೆಯಿಂದ ಹದಿನೈದು ದಿನ ನಿಮ್ಮ ಓಣಿಯ ಹೊಂಗೆಯ ಕೆಳಗೆ ಒಂದೇ ಹೊತ್ತಿಗೆ ನಿಲ್ಲು. ದಿನಕ್ಕೆ ಐದೇ ಸಾಲು: ಗಾಳಿ ಯಾವ ಕಡೆಯದು, ಏನು ಉದುರಿದೆ, ನಿನ್ನೆ ಉದುರಿದ ಹೂವಿನ ಬಣ್ಣ ಏನಾಯಿತು, ಅಡ್ಡಮಳೆ ಬಿತ್ತೋ ಇಲ್ಲವೋ, ಯಾರು ಗುಡಿಸಿದರು. ‘ನೋವು’, ‘ಶೂನ್ಯ’, ‘ನೆನಪು’ ಈ ಮೂರು ಶಬ್ದ ಆ ವಹಿಯಲ್ಲಿ ಬರಕೂಡದು. ನಾಲ್ಕನೇ ದಿನ ಬೇಸರ ಬರುತ್ತದೆ, ಬರೆಯಲು ಏನೂ ಇಲ್ಲ ಅನಿಸುತ್ತದೆ. ಅವತ್ತೂ ನಿಲ್ಲು, ಉದುರಿದ್ದನ್ನು ಎಣಿಸಿಯಾದರೂ ಬರೆ. ಅದರಲ್ಲಿ ಒಂದು ಸಾಲೂ ಅಜ್ಜನ ಪ್ರಬಂಧಕ್ಕೆ ಬಾರದಿದ್ದರೂ ನಡೆಯುತ್ತದೆ.

ವಹಿ ತುಂಬಿದ ಮೇಲೆ ಒಂದು ವಾರ ಬಿಟ್ಟು ಹೊಸ ಕರಡು ಬರೆ, ಆರುನೂರು ಶಬ್ದ ಮೀರದಂತೆ. ಹುಲ್ಲಿನಿಂದ ಶುರುಮಾಡು. ಅಜ್ಜ ತೀರಿಕೊಂಡ ಸುದ್ದಿ ಮೂರರಲ್ಲೊಂದು ಭಾಗ ಕಳೆದ ಮೇಲೆ ಬರಲಿ, ಒಂದೇ ವಾಕ್ಯದಲ್ಲಿ.

ಇನ್ನೊಂದು. ಆ ಹಣ್ಣುಗಳಲ್ಲಿ ಮೊದಲನೆಯದನ್ನು ಯಾರ ಕೈಗೆ ಕೊಟ್ಟರು ಅನ್ನುವುದನ್ನು ನೀನು ಬರೆದಿಲ್ಲ. ನಿನಗೆ ಗೊತ್ತಿರದಿದ್ದರೆ ಅಮ್ಮನನ್ನು ಕೇಳು.

ನಿನ್ನ
ಅಣ್ಣ