ಇನ್ಮ್ಯಾಲ ನಮ್ಮ ಅಂಗಡ್ಯಾಗ 120 ಜಿಬಿ ಎಸ್‌ಎಸ್‌ಡಿ ಹಾಕಂಗಿಲ್ರಿ

ಕಲಬುರಗಿ ಮತ್ತ ಸುತ್ತಮುತ್ತಿನ ನಮ್ಮ ಗ್ರಾಹಕರಿಗೆಲ್ಲ ನಮಸ್ಕಾರ್ರಿ,

ಮುಂದಿನ ತಿಂಗಳಿಂದ 120, 128 ಜಿಬಿ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್ ಬದ್ಲಿ ಲ್ಯಾಪ್‌ಟಾಪಿನಾಗ ಡೇಟಾ ಇಡೋ ಚಿಪ್ಪಿನ ಡಿಸ್ಕ್) ಹಾಕೋದು ಬಂದ್ ಮಾಡ್ಲಿಕತ್ತೀವಿ. 256 ಬೇಕಂದೋರಿಗೆ ತರಿಸಿ ಕೊಡ್ತೀವಿ, ಉಳಿದಂಗ 500ರಿಂದನೇ ಶುರು. ರೊಕ್ಕ ಜಾಸ್ತಿ ಎಳೀಲಿಕ್ಕ ಹಿಂಗ ಮಾಡ್ಯಾರ ಅಂತ ಯಾರರ ಅನ್ಕೋಬಾರ್ದು, ಅದಕ್ಕ ಈ ಪತ್ರ.

2025ರ ಅಕ್ಟೋಬರ್ 14ಕ್ಕ ವಿಂಡೋಸ್ 10 ಸಪೋರ್ಟ್ ನಿಂತ ಮ್ಯಾಲ, ಹಳೇ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿ 11 ಮಾಡಿಕೊಡ್ರಿ ಅನ್ನೋರು ಭಾಳ ಆಗ್ಯಾರ (ಎಲ್ಲಾ ಲ್ಯಾಪ್‌ಟಾಪಿಗೂ 11 ಕೂಡಂಗಿಲ್ಲ, ಪ್ರೊಸೆಸರ್ ನೋಡಿ ಹೇಳ್ತೀವಿ, ಅದು ಬ್ಯಾರೆ ಮಾತು). 11ಕ್ಕ ಕಮ್ಮೀತ ಕಮ್ಮಿ 64 ಜಿಬಿ ಡಿಸ್ಕ್ ಬೇಕಂತ ಮೈಕ್ರೋಸಾಫ್ಟ್‌ನವ್ರೇ ಹೇಳ್ತಾರ, ಅದರ ಮ್ಯಾಲ ಟ್ಯಾಲಿ, ಆಫೀಸ್, ತಂಗಿ ಮದುವಿ ವಿಡಿಯೋ ಎಲ್ಲಾ ತುಂಬಿದ್ರ 120 ಎಲ್ಲಿ ಸಾಲ್ತದ, ಸಿ ಡ್ರೈವ್ ಗೆರಿ ಕೆಂಪಗಾಗಿ 3 ಜಿಬಿ ಉಳಿದಿರ್ತದ, ಆವಾಗ "ಹೊಸಾದು ಹಾಕ್ಸೀನಿ, ಆದ್ರೂ ಸ್ಲೋ ಅದ ನೋಡ್ರಿ" ಅಂತ ಬರ್ತೀರಿ.

ಎಸ್‌ಎಸ್‌ಡಿ ಒಳಗ ಡೇಟಾ ಇಡೋ ಸಣ್ಣ ಸಣ್ಣ ಖಾನೆ, ಅಂದ್ರ ಒಂದೊಂದು ಸೆಲ್ಲಿಗೂ ಇಷ್ಟು ಸಲನೇ ಬರೆದು ಅಳಿಸಬೇಕು ಅಂತ ಮಿತಿ ಅದ. ಒಂದೇ ಕಡೆ ಸವೀಬಾರ್ದು ಅಂತ ಒಳಗಿನ ಕಂಟ್ರೋಲರ್ ಬರಿಯೋದನ್ನ ಎಲ್ಲಾ ಕಡಿ ಹಂಚ್ತದ, ಅದಕ್ಕ ಖಾಲಿ ಜಾಗ ಬೇಕು. ಜಾಗ ಇಲ್ಲಂದ್ರ ಇದ್ದ ಡೇಟಾನೇ ಅಲ್ಲಿಂದಿಲ್ಲಿ ಸರಿಸಿ ಸರಿಸಿ ಬರೀತದ, ನೀವು 1 ಜಿಬಿ ಕಾಪಿ ಮಾಡಿದ್ರ ಒಳಗ ಅದಕ್ಕಿಂತ ಜಾಸ್ತಿ ಬರ್ಯೋದು ಆಗ್ತದ. ಹಂಗಂತ ಸವೀತದ ಅಂತ ಸುಮ್ಸುಮ್ನ ಹೆದರಬ್ಯಾಡ್ರಿ. ಸ್ಯಾಮ್ಸಂಗ್ 870 ಇವೋ 500 ಜಿಬಿಗೆ ಕಂಪನಿ 300 ಟಿಬಿ (1 ಟಿಬಿ ಅಂದ್ರ 1000 ಜಿಬಿ) ಬರ್ಯೋತನಕ ಇಲ್ಲಾ 5 ವರ್ಷ, ಯಾವುದು ಮೊದ್ಲೋ ಅಲ್ಲೀತನಕ ವಾರಂಟಿ ಕೊಡ್ತದ, 250ಕ್ಕ ಅದರ ಅರ್ಧ, 150 ಟಿಬಿ. ದಿನಾ 20 ಜಿಬಿ ಬರದ್ರೂ 300 ಟಿಬಿ ಮುಗೀಲಿಕ್ಕ 40 ವರ್ಷ ಬೇಕು, ಅಲ್ಲೀತನಕ ಲ್ಯಾಪ್‌ಟಾಪೇ ಇರಂಗಿಲ್ಲ! ನಮ್ಮ ತಕರಾರು ಇರೋದು ಚಿಪ್ ಯಾವುದು ಅಂತನೇ ಗೊತ್ತಿಲ್ಲದ ಅಗ್ಗದ 120ರ ಮ್ಯಾಲ, ಮತ್ತ ಅದನ್ನ ಕುತ್ತಿಗಿ ಮಟ್ಟ ತುಂಬೋದರ ಮ್ಯಾಲ.

ಇನ್ನೊಂದು, ಹಾರ್ಡ್‌ಡಿಸ್ಕ್ ಹೋಗೋ ಮುಂದ ಭಾಳ ಸಲ ಟಕ್ ಟಕ್ ಅಂತ ಸಪ್ಪಳ ಮಾಡ್ತದ, ಎಸ್‌ಎಸ್‌ಡಿಗೆ ಸಪ್ಪಳಾನೇ ಇಲ್ಲ, ನಿನ್ನೆ ಛಲೋ ಇದ್ದದ್ದು ಇವತ್ತು ಬಯೋಸ್‌ನಾಗೇ (ವಿಂಡೋಸಿಗಿಂತ ಮೊದ್ಲು ಓಡೋ ಸೆಟ್ಟಿಂಗ್‌ನಾಗ) ಕಾಣಂಗಿಲ್ಲ. ಅದಕ್ಕ ಇನ್ಮ್ಯಾಲ ಬಿಲ್ ಜೊತಿಗೆ ಡಿಸ್ಕ್ ಹೆಂಗದ ಅಂತ ತೋರ್ಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ಸಾಫ್ಟ್‌ವೇರಿನ ಒಂದು ಪ್ರಿಂಟ್ ಕೊಡ್ತೀವಿ, ಅದರಾಗ ಹೆಲ್ತ್ ಎಷ್ಟು ಪರ್ಸೆಂಟ್, ಇಲ್ಲೀತನಕ ಎಷ್ಟು ಬರದದ, ಎಷ್ಟು ತಾಸು ಓಡ್ಯದ ಎಲ್ಲಾ ಇರ್ತದ. ವರ್ಷಕ್ಕೊಮ್ಮೆ ತಂದ್ರ ಪುಕ್ಕಟ ಚೆಕ್ ಮಾಡಿಕೊಡ್ತೀವಿ.

ನಿಮ್ಮ ಹಳೇ ಹಾರ್ಡ್‌ಡಿಸ್ಕ್ ಛಲೋ ಇದ್ರ ಯುಎಸ್‌ಬಿ ಕೇಸಿನಾಗ ಹಾಕಿ ವಾಪಸ್ ಕೊಡ್ತೀವಿ, ಕೇಸಿನ ರೊಕ್ಕ ಅಷ್ಟೇ. ಬ್ಯಾಕಪ್ ಅದರಾಗ ಇಡ್ರಿ. ಸವೆದ ಹಳೇ ಎಸ್‌ಎಸ್‌ಡಿಯಾಗ ಡೇಟಾ ಹಾಕಿ ಅಲಮಾರ್ಯಾಗ ಮಾತ್ರ ಇಡಬ್ಯಾಡ್ರಿ. ಬರ್ಯೋ ಮಿತಿ ಮುಗಿಸಿದ ಎಸ್‌ಎಸ್‌ಡಿ ಕರೆಂಟ್ ಇಲ್ಲದ 30 ಡಿಗ್ರಿಯಾಗ ಒಂದು ವರ್ಷ ಡೇಟಾ ಹಿಡೀಬೇಕು ಅಂತ ಜೆಡೆಕ್ (ಚಿಪ್‌ಗಳಿಗೆ ಮಾನದಂಡ ಮಾಡೋ ಸಂಸ್ಥೆ) ಲೆಕ್ಕ, ಬಿಸಿ ಏರಿದಂಗ ಅದು ಕಮ್ಮಿ ಆಗ್ತದ, ನಮ್ಮ ಬ್ಯಾಸಿಗಿ ಹೆಂಗಿರ್ತದ ನಿಮಗ್ಯಾಕ ಹೇಳ್ಬೇಕು, ತಗಡಿನ ಮನ್ಯಾಗ ಅಂತೂ ಮುಗೀತು.

ಈಗಾಗ್ಲೇ 120ಕ್ಕ ಅಡ್ವಾನ್ಸ್ ಕೊಟ್ಟೋರಿಗೆ ಹಳೇ ರೇಟಿಗೇ ಹಾಕಿಕೊಡ್ತೀವಿ, ಇಲ್ಲಾ ಫರಕ್ ಕೊಟ್ಟು 500 ತಗೋರಿ. ಬರೋ ಮುಂದ ಚಾರ್ಜರ್, ಪಾಸ್‌ವರ್ಡ್, ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಲಾಕ್) ಇದ್ರ ಅದರ ಕೀ ತರ್ರಿ. ಆನ್‌ಲೈನ್‌ನಾಗ ಎಂ.2 (ಪಟ್ಟಿ ಹಂಗ ಇರೋ ಸಣ್ಣ ಎಸ್‌ಎಸ್‌ಡಿ) ತರಿಸೋರು ಮೊದ್ಲು ಮಾಡೆಲ್ ನಂಬರ್ ವಾಟ್ಸಾಪ್ ಮಾಡ್ರಿ, ಅದರಾಗ ಸಾಟಾ, ಎನ್‌ವಿಎಂಇ ಅಂತ ಎರಡು ಥರ ಅವ, ನೋಡ್ಲಿಕ್ಕ ಒಂದೇ ನಮೂನಿ, ಆದ್ರ ಭಾಳ ಲ್ಯಾಪ್‌ಟಾಪಿನಾಗ ಒಂದರ ಜಾಗದಾಗ ಇನ್ನೊಂದು ನಡಿಯಂಗಿಲ್ಲ.